ಮೊಲ ಅಟ್ಟಿಸಿಕೊಂಡು ಬಂದ ನಾಯಿ ಯಾವ ತಳಿ?

ಪ್ರಶ್ನೆ: ನಮ್ಮೂರಿನಿಂದ ಹೊಳೆ ದಾಟಿ ಬೇಟೆಗೆ ಹೋದ ಹಕ್ಕ-ಬುಕ್ಕರ ನಾಯಿಗಳನ್ನು ಒಂದು ಮೊಲ ತಿರುಗಿ ಅಟ್ಟಿಸಿಕೊಂಡು ಬಂತು, ಆ ಜಾಗದಲ್ಲೇ ವಿಜಯನಗರ ಕಟ್ಟಿದರು ಎಂಬ ಕಥೆ ಚಿಕ್ಕಂದಿನಿಂದ ಕೇಳಿದ್ದೇವೆ. ಈಚೆಗೆ ಪ್ರವಾಸಿಗರಿಗೆ ಕಥೆ ಹೇಳುವ ಹುಡುಗರು ‘ಅವು ಮುಧೋಳ ನಾಯಿಗಳು’ ಎಂದು ಸೇರಿಸುತ್ತಿದ್ದಾರೆ. ನಿಜವೇ? ಮುಧೋಳ ನಾಯಿ ಅಷ್ಟು ಹಳೆಯದೇ? ಅದು ಎಲ್ಲಿಂದ ಬಂತು? ನಮ್ಮಣ್ಣ ಕುಷ್ಟಗಿ ಕಡೆಯಿಂದ ಒಂದು ಮರಿ ತಂದಿದ್ದಾನೆ. ಅದು ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ?
– ಓದುಗರೊಬ್ಬರು, ಆನೆಗೊಂದಿ

ಉತ್ತರ: ಮೊದಲು ಕಥೆಯನ್ನೇ ಹಿಡಿಯೋಣ, ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ. ಈ ಕಥೆಯನ್ನು ಬರೆದಿಟ್ಟವರಲ್ಲಿ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವ್ ನೂನಿಜ್ ಒಬ್ಬ. 1535ರ ಸುಮಾರಿಗೆ ಅವನು ವಿಜಯನಗರದಲ್ಲಿದ್ದ. ಅವನ ಬರಹದಲ್ಲಿ ಹಕ್ಕ-ಬುಕ್ಕರಿಲ್ಲ, ದೇವರಾಯನೆಂಬ ಅರಸನಿದ್ದಾನೆ. ಅರಸ ಆನೆಗೊಂದಿ ಕಡೆಯಿಂದ ಹೊಳೆ ದಾಟಿ ನಾಯಿಗಳೊಂದಿಗೆ ಬೇಟೆಗೆ ಬರುತ್ತಾನೆ. ಓಡಬೇಕಾದ ಮೊಲ ಓಡದೆ ನಾಯಿಗಳನ್ನೇ ಕಚ್ಚುತ್ತದೆ. ಹೊಳೆಯ ದಂಡೆಯಲ್ಲಿ ಸಿಕ್ಕ ಒಬ್ಬ ತಪಸ್ವಿ ‘ಇಲ್ಲೇ ಊರು ಕಟ್ಟು’ ಎನ್ನುತ್ತಾನೆ. ಅಹಮದಾಬಾದಿನವರೂ ತಮ್ಮ ಊರು ಹುಟ್ಟಿದ್ದು ಹೀಗೇ ಎನ್ನುತ್ತಾರೆ, ಅಲ್ಲೂ ನಾಯಿಗೆ ತಿರುಗಿಬಿದ್ದದ್ದು ಮೊಲವೇ. ಊರು ಕಟ್ಟುವವರಿಗೆಲ್ಲ ಮೊಲದ ಮೇಲೆ ಯಾಕೋ ಪ್ರೀತಿ.

ಇದು ಐತಿಹ್ಯ, ಇತಿಹಾಸವಲ್ಲ. ಆದರೂ ಇದರಿಂದ ಒಂದು ಸಂಗತಿ ಸಿಗುತ್ತದೆ. ನಾಯಿ ಬಿಟ್ಟು ಮೊಲ ಹಿಡಿಸುವ ಬೇಟೆ ಈ ಕಥೆಯನ್ನು ಹೇಳುವವರಿಗೂ ಕೇಳುವವರಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಮೊಲ ತಿರುಗಿ ಬಿದ್ದದ್ದು ಅವರಿಗೆ ಸೋಜಿಗ ಅನ್ನಿಸುತ್ತಲೇ ಇರಲಿಲ್ಲ.

ಮೊಲ ಹಿಡಿಯುವ ಕೆಲಸ ಎಲ್ಲ ನಾಯಿಗೂ ಆಗುವಂಥದ್ದಲ್ಲ. ಬಹುಪಾಲು ನಾಯಿಗಳು ಮೂಗನ್ನು ನಂಬಿ ಬದುಕುತ್ತವೆ. ಮೂಗು ನೆಲಕ್ಕಿಟ್ಟು ವಾಸನೆ ಹಿಡಿದು ಹೋಗುವ ಹೊತ್ತಿಗೆ ಮೊಲ ಪಕ್ಕದ ಊರು ಸೇರಿರುತ್ತದೆ. ಮೊಲಕ್ಕೆ ಬೇಕಾದದ್ದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದ ಹೊಲದ ಬದುವಿನಲ್ಲಿ ಒಂದು ಕಿವಿ ಅಲ್ಲಾಡಿದರೂ ಅದಕ್ಕೆ ಕಾಣಬೇಕು, ಕಂಡ ಕ್ಷಣವೇ ಹಾರಬೇಕು. ಮುಧೋಳ ನಾಯಿ ಈ ಜಾತಿಯದು. ತಲೆಬುರುಡೆ ಉದ್ದ, ಕಿರಿದು. ಕಣ್ಣುಗಳು ಸ್ವಲ್ಪ ಬದಿಗಿರುವುದರಿಂದ ಅಕ್ಕಪಕ್ಕದ ನೋಟ ಹೆಚ್ಚು. ಎದೆ ಆಳ, ಹೊಟ್ಟೆ ಬೆನ್ನಿಗಂಟಿದಷ್ಟು ಒಳಕ್ಕೆ. ಅದು ಪೂರ್ತಿ ವೇಗದಲ್ಲಿ ಓಡುವುದನ್ನು ನಿಧಾನಗತಿಯ ವಿಡಿಯೋದಲ್ಲಿ ನೋಡಿ. ಒಂದು ನೆಗೆತದಲ್ಲಿ ನಾಲ್ಕೂ ಕಾಲು ಎರಡು ಸಲ ನೆಲ ಬಿಡುತ್ತವೆ: ಕಾಲುಗಳೆಲ್ಲ ಹೊಟ್ಟೆಯಡಿ ಕೂಡಿದಾಗ ಒಮ್ಮೆ, ಹಿಂದೆಮುಂದೆ ಪೂರ್ತಿ ಚಾಚಿದಾಗ ಇನ್ನೊಮ್ಮೆ. ನಡುವೆ ಬೆನ್ನೆಲುಬು ಬಿಲ್ಲಿನ ಹಾಗೆ ಬಾಗಿ ಬಿಚ್ಚಿಕೊಳ್ಳುತ್ತದೆ. ಕುದುರೆ ಓಡುವಾಗ ನೆಲ ಬಿಡುವುದು ಒಂದೇ ಸಲ.

ಇಷ್ಟಿದ್ದರೂ ಮೊಲ ಅನೇಕ ಸಲ ತಪ್ಪಿಸಿಕೊಳ್ಳುತ್ತದೆ. ನೇರ ಓಟದಲ್ಲಿ ಸೋಲುತ್ತೇನೆಂದು ಗೊತ್ತಿರುವ ಹಾಗೆ ಅದು ನಾಯಿಯ ಬಾಯಿ ಹತ್ತಿರ ಬರುವವರೆಗೂ ಒಂದೇ ದಿಕ್ಕಿಗೆ ಓಡಿ, ಕೊನೇ ಗಳಿಗೆಯಲ್ಲಿ ಸರಕ್ಕನೆ ಪಕ್ಕಕ್ಕೆ ಹೊರಳುತ್ತದೆ. ಮೈತೂಕ ಹೆಚ್ಚಿರುವ ನಾಯಿ ಅದೇ ವೇಗದಲ್ಲಿ ನಾಲ್ಕಾರು ಮಾರು ಮುಂದೆ ಹೋಗಿಬಿಡುತ್ತದೆ. ಅದು ತಿರುಗಿಕೊಳ್ಳುವಷ್ಟರಲ್ಲಿ ಮೊಲ ಹಿಂದಕ್ಕೆ, ನಾಯಿ ಬಂದ ದಾರಿಯಲ್ಲೇ ಓಡುತ್ತಿರುತ್ತದೆ. ದೂರದಿಂದ ನೋಡುವವನಿಗೆ ಮೊಲವೇ ನಾಯಿಯ ಮೇಲೆ ನುಗ್ಗಿದ ಹಾಗೆ ಕಾಣುವುದೂ ಸಾಧ್ಯ. ಐತಿಹ್ಯ ಹುಟ್ಟಿದ್ದೇ ಹೀಗೆ ಎಂದು ನಾನು ಹೇಳುತ್ತಿಲ್ಲ, ಹೀಗೂ ಹುಟ್ಟಬಹುದಿತ್ತು ಎನ್ನುತ್ತಿದ್ದೇನೆ.

ಹಾಗಾದರೆ ಅವು ಮುಧೋಳ ನಾಯಿಗಳೇ? ಅಲ್ಲ. ಮುಧೋಳ ನಾಯಿ ಮಾಡುವ ಕೆಲಸವನ್ನೇ ಮಾಡುವ ನಾಯಿಗಳು ಅಂದರೆ ಸರಿ. ವ್ಯತ್ಯಾಸ ಸಣ್ಣದೆನಿಸಿದರೂ ನಾಯಿಯ ಚರಿತ್ರೆಯೆಲ್ಲ ನಿಂತಿರುವುದು ಅದರ ಮೇಲೆ. ಕೆಲಸಕ್ಕೆ ತಕ್ಕ ನಾಯಿಗಳು ಸಾವಿರಾರು ವರ್ಷಗಳಿಂದ ಇವೆ. ಕುರಿ ಕಾಯುವ ನಾಯಿ, ಹಂದಿ ಹಿಡಿಯುವ ನಾಯಿ, ಮೊಲದ ಹಿಂದೆ ಬೀಳುವ ನಾಯಿ ಎಂದು ಜನ ಅವನ್ನು ಗುರುತಿಸುತ್ತಿದ್ದರು. ಇಂಥ ಎತ್ತರ, ಇಂಥ ಕಿವಿ, ಅಪ್ಪ-ಅಮ್ಮ ಇಬ್ಬರೂ ದಾಖಲೆಯಲ್ಲಿರಬೇಕು ಎಂಬ ಅರ್ಥದ ತಳಿ ಮಾತ್ರ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಕೂಸು. ಅಲ್ಲಿನ ನ್ಯೂಕ್ಯಾಸಲ್‌ನಲ್ಲಿ ಮೊದಲ ನಾಯಿ ಪ್ರದರ್ಶನ ನಡೆದದ್ದು 1859ರಲ್ಲಿ, ಲಂಡನ್ನಿನ ಕೆನಲ್ ಕ್ಲಬ್ ಶುರುವಾದದ್ದು 1873ರಲ್ಲಿ. ಅದಕ್ಕೂ ಹಿಂದಿನ ಯಾವ ನಾಯಿಗೇ ಆಗಲಿ ಇಂದಿನ ತಳಿಯ ಹೆಸರು ಅಂಟಿಸುವುದು ಹಕ್ಕ-ಬುಕ್ಕರಿಗೆ ಆಧಾರ್ ಕಾರ್ಡ್ ಕೇಳಿದಂತೆ.

ನಮ್ಮ ನಾಡಿನ ಹಳೆಯ ನಾಯಿಗಳ ವಿಷಯಕ್ಕೆ ಬಂದರೆ, ಹೆಸರು ಸಮೇತ ನಮಗೆ ಗೊತ್ತಿರುವ ಒಂದು ನಾಯಿ ಹಂಪಿಗಿಂತ ನಾಲ್ಕು ಶತಮಾನ ಹಿಂದಿನದು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಮತ್ತು ಗಂಗ ಬೂತುಗರ ಕಡೆ ಕಾದಿದ ಮಣಲೆರನಿಗೆ ‘ಮೆಚ್ಚಿದೆ, ಬೇಡು’ ಎಂದರೆ ಆತ ಬೇಡಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು! ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಸತ್ತವು. ಮಣಲೆರ ಕಾಳಿಗೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಆ ನಾಯಿ ಮಾಡಿದ ಪಾಪ ತಟ್ಟಲಿ ಎಂದು ಬರೆಸಿದ. ನಾಯಿ ಏನು ಪಾಪ ಮಾಡಿತ್ತೋ! ಆ ಶಾಸನದ ಕಾಲವಾದ ಸೌಮ್ಯ ಸಂವತ್ಸರದಲ್ಲೇ ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ರನ್ನ ಹುಟ್ಟಿದ ಎನ್ನುತ್ತಾರೆ ಸಾಹಿತ್ಯ ಚರಿತ್ರೆಕಾರರು. ಕಾಕತಾಳೀಯ, ಆದರೆ ಬಿಡಲು ಮನಸ್ಸಾಗಲಿಲ್ಲ.

ಕಾಳಿಯನ್ನು ಮುಧೋಳ ನಾಯಿಯ ಮುತ್ತಜ್ಜಿ ಮಾಡುವ ಉತ್ಸಾಹವನ್ನೂ ಅಲ್ಲಲ್ಲಿ ಕಂಡಿದ್ದೇನೆ. ಆದರೆ ಹಂದಿಯ ಮೇಲೆ ಬಿಡುವ ನಾಯಿಗೆ ಬೇಕಾದದ್ದು ಅಗಲ ದವಡೆ, ದಪ್ಪ ಚರ್ಮ, ಹಿಡಿದದ್ದನ್ನು ಬಿಡದ ಮೊಂಡುತನ. ತೆಳು ಚರ್ಮದ, ಕಿರಿ ಮೂತಿಯ ಮುಧೋಳ ನಾಯಿಯನ್ನು ಒಂಟಿ ಹಂದಿಯ ಎದುರು ಬಿಟ್ಟರೆ ಒಂದೇ ಸೀಳಿಗೆ ಮುಗಿಯುತ್ತದೆ. ಆ ಕಾಲದಲ್ಲೂ ಬೇಟೆಗೆ ತಕ್ಕ ಬೇರೆಬೇರೆ ನಾಯಿಗಳನ್ನು ಜನ ಸಾಕುತ್ತಿದ್ದರು ಎಂದು ಇದರಿಂದ ತಿಳಿಯಬಹುದು, ಅಷ್ಟೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಂತೂ ಸಾರಮೇಯ ವಿನೋದ ಎಂದು ನಾಯಿಗಳಿಗೆ ಒಂದು ಭಾಗವೇ ಮೀಸಲು. ನಿಮ್ಮ ಹೊಳೆಯಾಚೆಯ ಮಹಾನವಮಿ ದಿಬ್ಬದ ಮೇಲಿನ ಬೇಟೆಯ ಸಾಲುಗಳನ್ನು ತೋರಿಸಿ ‘ನೋಡಿ ಸಣ್ಣ ನಡು, ಮುಧೋಳವೇ’ ಎನ್ನುವವರಿದ್ದಾರೆ. ನಮ್ಮ ಶಿಲ್ಪಿಗಳು ಸಿಂಹಕ್ಕೂ ನಡು ಸಣ್ಣಗೇ ಕೆತ್ತುತ್ತಾರೆ. ಕಲ್ಲಿನ ಸೊಂಟ ನೋಡಿ ತಳಿ ಹೇಳಲಾಗದು.

ಇನ್ನು ಎಲ್ಲಿಂದ ಬಂತು ಎಂಬ ಪ್ರಶ್ನೆ. ಮುಧೋಳ ನಾಯಿಯನ್ನು ಅರಬರ ಸಲುಕಿ, ಮಧ್ಯ ಏಷ್ಯಾದ ತಾಜಿಗಳ ಪಕ್ಕ ನಿಲ್ಲಿಸಿದರೆ ಮೈಕಟ್ಟಿನ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆ ಕಾರವಾನಿ ಎಂಬ ಹೆಸರೂ ಇದೆ. ಒಂಟೆ-ಕುದುರೆಗಳ ಸಾಲು ಕಟ್ಟಿಕೊಂಡು ಪಶ್ಚಿಮದಿಂದ ಬಂದ ವರ್ತಕರ, ಸೈನಿಕರ ಜೊತೆ ಬಂದ ನಾಯಿ ಎಂಬ ನಂಬಿಕೆ ಅದರ ಹಿಂದಿದೆ. ಮೈಮೇಲೆ ಗಿಡ್ಡ ಕೂದಲಿದ್ದರೆ ಕಾರವಾನಿ. ಕಿವಿ, ಬಾಲ, ಕಾಲಿನ ಹಿಂಬದಿಗೆ ರೇಷ್ಮೆಯಂಥ ಉದ್ದ ಕೂದಲು ಇಳಿಬಿದ್ದರೆ ಪಶ್ಮಿ. ಸಲುಕಿಗಳಲ್ಲೂ ಇದೇ ಎರಡು ಬಗೆ ಇವೆ ಎಂಬುದು ಪಶ್ಚಿಮದ ನಂಟಿಗೆ ಒಂದು ಸಾಕ್ಷಿ.

ಬರುವ ದಾರಿಗೂ ಕೊರತೆಯಿರಲಿಲ್ಲ. ವಿಜಯನಗರದ ಅರಸ ವರ್ಷಕ್ಕೆ ಹದಿಮೂರು ಸಾವಿರ ಹೊರ್ಮುಜ್ ಕುದುರೆ ಕೊಳ್ಳುತ್ತಿದ್ದನೆಂದು ಅದೇ ನೂನಿಜ್ ಬರೆಯುತ್ತಾನೆ. ಕುದುರೆ ವ್ಯಾಪಾರಿ ಕುದುರೆಯ ಸಂಖ್ಯೆ ಹೇಳುವಾಗ ಸ್ವಲ್ಪ ಕಡಿಮೆ ಮಾಡಿಯೇ ನಂಬಬೇಕು, ಆದರೂ ಪರ್ಷಿಯಾ ಕೊಲ್ಲಿಯಿಂದ ಗೋವಾ, ಭಟ್ಕಳಗಳ ಮೂಲಕ ಘಟ್ಟ ಹತ್ತಿ ಬರುತ್ತಿದ್ದ ಹಿಂಡುಗಳು ಸಣ್ಣವಲ್ಲ. ಉತ್ತರಕ್ಕೆ ವಿಜಯಪುರದ ಆದಿಲ್‌ಶಾಹಿ ಅರಮನೆಗೂ ಪರ್ಷಿಯಾಕ್ಕೂ ನೇರ ಬಳಕೆ. ಮುಧೋಳದ ಘೋರ್ಪಡೆಗಳು ಆ ಆದಿಲ್‌ಶಾಹಿಯ ಸರದಾರರು. ಶಿವಾಜಿಯ ತಂದೆ ಶಹಾಜಿ 1648ರಲ್ಲಿ ಸೆರೆಯಾದಾಗ ಅದರಲ್ಲಿ ಬಾಜಿ ಘೋರ್ಪಡೆಯ ಕೈಯಿತ್ತು. ಮುಂದೆ ಶಿವಾಜಿ ಮುಧೋಳಕ್ಕೆ ಬಂದು ಸೇಡು ತೀರಿಸಿಕೊಂಡ. ಕುದುರೆ, ಕತ್ತಿ, ಕವಿ, ವೈದ್ಯ ಎಲ್ಲ ಬಂದ ದಾರಿಯಲ್ಲಿ ಓಟದ ನಾಯಿಯೂ ಬಂದಿತೆನ್ನುವುದು ಊಹೆಯೇ, ಆದರೆ ಕಾಲೂರಲು ನೆಲವಿರುವ ಊಹೆ.

ಅಷ್ಟಕ್ಕೇ ‘ಹಾಗಾದರೆ ಇದು ಪರದೇಶಿ ನಾಯಿ’ ಎಂದುಬಿಡುವುದೂ ತಪ್ಪು. ಒಂದೇ ಕೆಲಸ ಮಾಡುವ ನಾಯಿಗಳು ಒಂದೇ ಮೈ ಪಡೆಯುತ್ತವೆ. ಇಂಗ್ಲೆಂಡಿನ ಗ್ರೇಹೌಂಡ್ ನೋಡಲು ಸಲುಕಿಯ ತಮ್ಮನಂತಿದ್ದರೂ ವಂಶವಾಹಿಗಳ ಲೆಕ್ಕದಲ್ಲಿ ಅದು ತನ್ನ ನೆರೆಯ ಬ್ರಿಟಿಷ್ ನಾಯಿಗಳಿಗೇ ಹತ್ತಿರ. ಹೊರಗಿನಿಂದ ಬಂದ ನಾಲ್ಕಾರು ನಾಯಿಗಳು ಇಲ್ಲಿನ ಊರು ನಾಯಿಗಳ ಜೊತೆ ಕೂಡಿ, ನಂತರ ನೂರಾರು ಸೂಲುಗಳಲ್ಲಿ ಈ ಬಿಸಿಲು, ಈ ನೆಲ, ಈ ಜೋಳದ ರೊಟ್ಟಿಗೆ ಒಗ್ಗಿದವು ಮಾತ್ರ ಉಳಿದುಕೊಂಡು ಬಂದವು ಎನ್ನುವುದು ನನಗೆ ಹೆಚ್ಚು ಒಪ್ಪುವ ಮಾತು.

ಇಲ್ಲಿ ತೋಳದ ಬಗ್ಗೆಯೂ ಒಂದು ಮಾತು, ಯಾಕೆಂದರೆ ನಿಮ್ಮ ಗಂಗಾವತಿ ತಾಲೂಕಿನ ಬಂಕಾಪುರದಲ್ಲೇ ಸರ್ಕಾರ ಸುಮಾರು 332 ಹೆಕ್ಟೇರಿನ ತೋಳಧಾಮ ಮಾಡಿದೆ. ನಾಯಿ ಬಂದದ್ದು ತೋಳದಿಂದ, ನಿಜ. ಆದರೆ ಬಂಕಾಪುರದ ತೋಳದಿಂದಲ್ಲ. ನಾಯಿಗೆ ಜನ್ಮಕೊಟ್ಟ ತೋಳಗಳ ಪಂಗಡ ಅಳಿದುಹೋಗಿದೆ. ಜರ್ಮನಿಯ ಬಾನ್-ಒಬರ್‌ಕಾಸೆಲ್‌ನಲ್ಲಿ ಮನುಷ್ಯರ ಜೊತೆ ಹೂಳಿದ ನಾಯಿಯ ಎಲುಬಿಗೆ ಸುಮಾರು 14,000 ವರ್ಷ. ನಮ್ಮ ಬಯಲುಸೀಮೆಯ ತೋಳ ಅದಕ್ಕಿಂತ ಎಷ್ಟೋ ಮೊದಲೇ ಕವಲೊಡೆದ ಪ್ರಾಚೀನ ವಂಶದ್ದು. ಈಗ ಅದಕ್ಕೆ ಬಂದಿರುವ ಆಪತ್ತುಗಳಲ್ಲಿ ಊರು ನಾಯಿಗಳ ಜೊತೆಗಿನ ಬೆರಕೆಯೂ ಒಂದು.

ಮುಧೋಳ ನಾಯಿಯನ್ನು ಮಾಡಿದವರು ಯಾರು ಎಂದು ಕೇಳಿದರೆ ಎಲ್ಲರೂ ರಾಜರ ಹೆಸರು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲು ಬರಬೇಕಾದವರು ಘಟಪ್ರಭೆಯ ಆಸುಪಾಸಿನ ಬೇಡರು ಮತ್ತು ಕುರಿಗಾರರು. 1857ರಲ್ಲಿ ಆಯುಧ ಒಪ್ಪಿಸಿ ಎಂದ ಕಂಪನಿ ಸರ್ಕಾರಕ್ಕೆ ತಿರುಗಿಬಿದ್ದ ಹಲಗಲಿಯ ಬೇಡರ ಊರು ಮುಧೋಳ ಸೀಮೆಯದೇ. ಬೇಟೆ ಅವರಿಗೆ ಮೋಜಾಗಿರಲಿಲ್ಲ, ರಾತ್ರಿಯ ಊಟವಾಗಿತ್ತು. ಎರಿ ಹೊಲದಲ್ಲಿ ಬೆಳೆ ಕೊಯ್ದ ಮೇಲೆ ಉಳಿಯುವ ಬಟಾಬಯಲಿನಲ್ಲಿ ಮೊಲ, ಚಿಗರಿಗಳ ಹಿಂದೆ ಹೋಗಲು ಯಾವ ನಾಯಿ ಬರುತ್ತದೋ ಅದಕ್ಕೇ ತುತ್ತು. ನಾಲ್ಕು ಬೇಟೆಗೆ ನಾಲ್ಕೂ ಸಲ ಹಿಂದುಳಿದ ನಾಯಿಯ ಸಂತಾನ ಯಾರೂ ಕೇಳುತ್ತಿರಲಿಲ್ಲ. ಚೆನ್ನಾಗಿ ಓಡುವ ಹೆಣ್ಣುನಾಯಿ ಬೆದೆಗೆ ಬಂದರೆ ಪಕ್ಕದೂರಿನ ಹೆಸರಾದ ಗಂಡುನಾಯಿಯನ್ನು ಹುಡುಕಿ ಕರೆತರುತ್ತಿದ್ದರು. ಹಿಡಿದ ಮೊಲವನ್ನು ಹರಿದು ತಿನ್ನುವ ನಾಯಿಗಿಂತ ಒಡೆಯ ಬರುವವರೆಗೆ ಕಾಯುವ ನಾಯಿಗೆ ಬೆಲೆ. ಕಾಗದವಿಲ್ಲ, ಪ್ರದರ್ಶನವಿಲ್ಲ, ತೀರ್ಪುಗಾರರಿಲ್ಲ. ಹಸಿವೇ ತೀರ್ಪುಗಾರ. ಬಣ್ಣ ಯಾವುದಾದರೂ ನಡೆಯುತ್ತಿತ್ತು, ಅದಕ್ಕೇ ಇಂದಿಗೂ ಈ ತಳಿಯಲ್ಲಿ ಕಂದು, ಕಪ್ಪು, ಬೂದು, ಬಿಳಿ, ಮಚ್ಚೆ ಎಲ್ಲವೂ ಉಂಟು. ನೋಟಕ್ಕಾಗಿ ಮಾಡಿದ ತಳಿಯಾಗಿದ್ದರೆ ಬಣ್ಣ ಇಷ್ಟು ಹರಡಿಕೊಂಡಿರುತ್ತಿರಲಿಲ್ಲ.

ರಾಜರು ಬಂದದ್ದು ಆಮೇಲೆ. 1900ರಿಂದ 1937ರವರೆಗೆ ಮುಧೋಳ ಸಂಸ್ಥಾನ ಆಳಿದ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳ ಮೇಲೆ ಕಣ್ಣಿಟ್ಟರು, ಅರಮನೆಯಲ್ಲಿ ಸಾಕಿಸಿದರು, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. ದೊರೆ ಅವನ್ನು ‘ಮುಧೋಳದ ಹೌಂಡುಗಳು’ ಎಂದು ಕರೆದನಂತೆ. ಹೆಸರು ನಿಂತಿತು. ಮಾಲೋಜಿರಾವ್ ಮಾಡಿದ್ದು ಸಣ್ಣ ಕೆಲಸವೇನಲ್ಲ: ಹಟ್ಟಿಗಳಲ್ಲಿ ಚದುರಿದ್ದ ನಾಯಿಗಳನ್ನು ಒಂದು ಹೆಸರಿನ ಕೆಳಗೆ ತಂದರು. ರಾಂಪುರದ ನವಾಬರು ತಮ್ಮ ಓಟದ ನಾಯಿಗಳಿಗೆ ಇಂಗ್ಲಿಷ್ ಗ್ರೇಹೌಂಡಿನ ರಕ್ತ ಬೆರೆಸಿ ಹೊಸ ತಳಿ ಮಾಡಿದರೆ, ಮುಧೋಳದವರು ಇದ್ದದ್ದನ್ನೇ ಆರಿಸಿದರು. ಆದರೂ ಬೇಡನೊಬ್ಬನ ಹೆಸರೂ ಇದರ ಚರಿತ್ರೆಯಲ್ಲಿ ಇಲ್ಲ, ಅರಮನೆಯ ಹೆಸರು ಮಾತ್ರ ಇದೆ ಎಂಬುದು ನನಗೆ ಕಸಿವಿಸಿ.

1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಅರಮನೆಯ ಆಸರೆ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನೇ ಅಪರಾಧ ಮಾಡಿತು, ಮಾಡಬೇಕಾದದ್ದೂ ಹೌದು. ಇವೆರಡಕ್ಕಿಂತ ದೊಡ್ಡ ಬದಲಾವಣೆ ಸದ್ದಿಲ್ಲದೆ ಆಯಿತು: ನೀರು ಬಂತು. ಇಂದು ಮುಧೋಳಕ್ಕೆ ಹೋದರೆ ಕಣ್ಣಿಗೆ ಬೀಳುವುದು ಕಬ್ಬು, ಕಬ್ಬಿನ ಟ್ರ್ಯಾಕ್ಟರು, ಸಕ್ಕರೆ ಕಾರ್ಖಾನೆ. ಆಳೆತ್ತರದ ಕಬ್ಬಿನ ಗದ್ದೆಯಲ್ಲಿ ಕಣ್ಣಿನಿಂದ ಬೇಟೆಯಾಡುವ ನಾಯಿಗೆ ಏನು ಕಾಣಬೇಕು? ನಾಯಿಯನ್ನು ರೂಪಿಸಿದ ನೆಲವೇ ಅದರ ಕಾಲಡಿಯಿಂದ ಸರಿದುಹೋಯಿತು. ಈಗ ಅದು ತೋಟ ಕಾಯುತ್ತದೆ, ಮನೆ ಕಾಯುತ್ತದೆ, ಹೆಚ್ಚಾಗಿ ಮರಿ ಹಾಕುತ್ತದೆ. ಒಂದು ಸೂಲಿನ ಮರಿ ಮಾರಿ ಮಕ್ಕಳ ಫೀಸು ಕಟ್ಟುವ ಕುಟುಂಬಗಳು ಮುಧೋಳದ ಹಳ್ಳಿಗಳಲ್ಲಿವೆ.

ಕೆಲಸ ಹೋದ ಮೇಲೆ ದಾಖಲೆ ಬಂತು. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಹಿಮಾಲಯದ ಕುರಿ ನಾಯಿ, ರಾಂಪುರ, ರಾಜಪಾಳ್ಯಂಗಳ ಜೊತೆ ಮುಧೋಳವೂ ಇತ್ತು. 2009-10ರ ಹೊತ್ತಿಗೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ತೆರೆಯಿತು. ಆ ಕೇಂದ್ರ ತಳಿ ಕಾಯುತ್ತದೆ, ಸಾಕುವವರಿಗೆ ಮರಿ ಕೊಡುತ್ತದೆ. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೋ ಎಮ್ಮೆ, ಆಕಳು, ಕುರಿಗಳ ಹಾಗೆಯೇ ನಾಯಿ ತಳಿಗಳನ್ನೂ ನೋಂದಾಯಿಸತೊಡಗಿದಾಗ ಮೊದಲು ಸೇರಿದ ಮೂರರಲ್ಲಿ ಇದೂ ಒಂದು, ಇನ್ನೆರಡು ತಮಿಳುನಾಡಿನ ರಾಜಪಾಳ್ಯಂ ಮತ್ತು ಚಿಪ್ಪಿಪಾರೈ. ನಿಮ್ಮ ಭಾಗದ ಕೆಂಗುರಿ ಕುರಿಗೂ ಅದೇ ಬ್ಯೂರೋದ ನೋಂದಣಿಯಿದೆ.

ಸೇನೆಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 2016ರಿಂದ ಮೀರತ್‌ನಲ್ಲಿ ಸೇನೆ ಈ ನಾಯಿಗಳಿಗೆ ತರಬೇತಿ ಕೊಡತೊಡಗಿತು. 2020ರ ಆಗಸ್ಟಿನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಮುಧೋಳದ ಹೆಸರು ಹೇಳಿದರು, ಮರುದಿನದಿಂದ ಮರಿಗೆ ಗಿರಾಕಿ ಹೆಚ್ಚಿದರು. 2024ರಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ಹೆಣ್ಣುನಾಯಿ ವಿದೇಶಿ ತಳಿಗಳನ್ನು ಹಿಂದಿಕ್ಕಿ ಮೊದಲ ಬಹುಮಾನ ಗೆದ್ದಳು. ಹೆಮ್ಮೆಯ ಮಾತೇ. ಆದರೆ ಈ ನಾಯಿಯನ್ನು ಲ್ಯಾಬ್ರಡಾರ್, ಅಲ್ಸೇಷಿಯನ್‌ಗಳ ಪರೀಕ್ಷೆಗೆ ಕೂರಿಸುವಾಗ ಅದರ ಸ್ವಭಾವ ಮರೆಯಬಾರದು. ಮೂಗಿನಿಂದ ಕೆಲಸ ಮಾಡುತ್ತಿರುವಾಗಲೂ ದೂರದಲ್ಲಿ ಏನಾದರೂ ಓಡಿದರೆ ಅದರ ಕಣ್ಣು ಅತ್ತ ಹೋಗುತ್ತದೆ. ಅದನ್ನು ಅಶಿಸ್ತು ಎಂದರೆ ತಪ್ಪಾದೀತು, ಹತ್ತಾರು ತಲೆಮಾರು ನಾವೇ ಅದಕ್ಕೆ ಕಲಿಸಿದ ಪಾಠ ಅದು. ರಿಯಾಳಂಥವು ಆ ಪಾಠವನ್ನೂ ಮೀರಿ ಹೊಸದನ್ನು ಕಲಿತವು.

ಬೇಡಿಕೆ ಹೆಚ್ಚಿದ್ದರಿಂದ ಕೆಡುಕೂ ಆಗಿದೆ. ಬೇಗ ದುಡ್ಡು ಮಾಡಬೇಕೆನ್ನುವವರು ಗ್ರೇಹೌಂಡ್ ಬೆರೆಸಿದ ಮರಿಗಳನ್ನು ಮುಧೋಳವೆಂದೇ ಮಾರುತ್ತಾರೆ. ಓಟದ ಪಂದ್ಯದ ಹುಚ್ಚಿರುವವರಿಗೆ ಆ ಬೆರಕೆಯೇ ಇಷ್ಟ, ವೇಗ ಸ್ವಲ್ಪ ಜಾಸ್ತಿ. ಆದರೆ ಒಂದು ರೊಟ್ಟಿ, ಒಂದಿಷ್ಟು ಹಾಲು, ಸುಡುವ ಬಿಸಿಲು ಇಷ್ಟರಲ್ಲೇ ಗಟ್ಟಿಯಾಗಿ ಬದುಕುವ ಗುಣ ಆ ಬೆರಕೆಯಲ್ಲಿ ಕರಗಿಹೋಗುತ್ತದೆ. ಇನ್ನೊಂದು ಕಡೆ, ‘ಶುದ್ಧ’ ಬೇಕೆಂದು ಒಂದೇ ಮನೆತನದ ನಾಯಿಗಳನ್ನು ತಮ್ಮತಮ್ಮೊಳಗೇ ಕೂಡಿಸುವವರು. ಬೇಡರು ಪಕ್ಕದೂರಿನ ಗಂಡುನಾಯಿ ಹುಡುಕುತ್ತಿದ್ದುದರಲ್ಲಿ ಇವರಿಗಿಂತ ಹೆಚ್ಚು ವಿಜ್ಞಾನವಿತ್ತು.

ಈಗ ನಿಮ್ಮ ಅಣ್ಣನ ಮರಿ. ಎರಡು-ಮೂರು ತಿಂಗಳ ಮರಿಯನ್ನು ನೋಡಿ ಖಚಿತವಾಗಿ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಆ ವಯಸ್ಸಿನಲ್ಲಿ ಊರು ನಾಯಿಯ ತೆಳ್ಳನೆಯ ಮರಿಯೂ ಹಾಗೇ ಕಾಣುತ್ತದೆ. ಮರಿ ತಂದ ಮನೆಗೇ ಹೋಗಿ ತಾಯಿಯನ್ನು, ಸಾಧ್ಯವಾದರೆ ತಂದೆಯನ್ನು ನೋಡಿ. ಬೆಳೆದ ಗಂಡು ಹೆಗಲ ಬಳಿ 68ರಿಂದ 72 ಸೆಂಟಿಮೀಟರು, ಹೆಣ್ಣು 64ರಿಂದ 68. ಕಿವಿ ತಲೆಗಂಟಿ ಜೋತುಬಿದ್ದಿರಬೇಕು, ಊರು ನಾಯಿಯ ಹಾಗೆ ನೆಟ್ಟಗೆ ನಿಲ್ಲಬಾರದು. ಸೊಂಟದ ಎರಡು ಎಲುಬು ಎದ್ದು ಕಾಣುವುದು, ಪಕ್ಕೆಲುಬು ಎಣಿಸುವಂತಿರುವುದು ಇದರ ಸಹಜ ಮೈಕಟ್ಟು. ಪಾಪ, ಹಸಿದಿದೆ ಎಂದು ತುಂಬಿಸಿ ತುಂಬಿಸಿ ದಪ್ಪ ಮಾಡಿದರೆ ಕೀಲು ಹಾಳಾಗುತ್ತವೆ. ಮಾರಿದವರು ಕಾಗದ ಕೊಟ್ಟು ಅದರಲ್ಲಿ ‘ಕಾರವಾನ್ ಹೌಂಡ್’ ಎಂದಿದ್ದರೆ ಮೋಸ ಎಂದುಕೊಳ್ಳಬೇಡಿ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ದಾಖಲಿಸುವುದು ಆ ಹೆಸರಿನಲ್ಲಿ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ‘ಮುಧೋಳ ಹೌಂಡ್’ ಎನ್ನುತ್ತದೆ. ಸಂಶಯ ಉಳಿದರೆ ತಿಮ್ಮಾಪುರದ ಕೇಂದ್ರದವರಿಗೆ ತೋರಿಸಬಹುದು.

ನಾನು ನಿಮ್ಮಣ್ಣನ ಜಾಗದಲ್ಲಿದ್ದರೆ ಅಸಲಿಯೋ ನಕಲಿಯೋ ಎಂಬುದಕ್ಕಿಂತ ಇನ್ನೊಂದು ವಿಷಯಕ್ಕೆ ತಲೆಕೆಡಿಸಿಕೊಳ್ಳುತ್ತಿದ್ದೆ. ಆನೆಗೊಂದಿ ಈ ನಾಯಿಗೆ ಹೇಳಿದ ಊರಲ್ಲ. ಕುಷ್ಟಗಿ, ಯಲಬುರ್ಗಾಗಳ ಎರಿ, ಮಸಾರಿ ಬಯಲಿನಲ್ಲಿ ಅದು ಮನಸಾರೆ ಓಡೀತು, ಆದರೆ ಅಲ್ಲಿ ಚಿಗರಿ ಹಿಂಡುಗಳಿವೆ, ಬಿಟ್ಟರೆ ಕೇಸು ಬೀಳುತ್ತದೆ. ನಿಮ್ಮಲ್ಲಿ ಒಂದು ಕಡೆ ಭತ್ತದ ಗದ್ದೆ, ಬಾಳೆ ತೋಟ, ಇನ್ನೊಂದು ಕಡೆ ಬಂಡೆಗಳ ರಾಶಿ. ಬಂಡೆಯ ಮೇಲೆ ಆ ವೇಗದಲ್ಲಿ ಓಡಿದರೆ ಉಗುರು ಕಿತ್ತು ಬರುತ್ತದೆ, ಕಾಲು ಮುರಿಯುತ್ತದೆ. ಚರ್ಮ ತೆಳುವಾದ್ದರಿಂದ ಜಾಲಿಮುಳ್ಳು ತಗುಲಿದರೂ ಸೀಳುತ್ತದೆ. ಗುಡ್ಡದಲ್ಲಿ ಚಿರತೆಯಿದೆ, ನಾಯಿ ಅದಕ್ಕೆ ಅಚ್ಚುಮೆಚ್ಚು. ಹೀಗಾಗಿ ರಾತ್ರಿ ಅಂಗಳದಲ್ಲಿ ಕಟ್ಟಬೇಡಿ, ಒಳಗೆ ಮಲಗಿಸಿ. ಬೆಳಗ್ಗೆ ಕೊಯ್ಲಾದ ಗದ್ದೆಯಲ್ಲೋ ಬೇಲಿಯಿರುವ ಬಯಲಲ್ಲೋ ಒಂದಷ್ಟು ಹೊತ್ತು ಬಿಡಿ. ದಿನವಿಡೀ ಸರಪಳಿಯಲ್ಲಿಟ್ಟರೆ ಈ ನಾಯಿ ಸಿಡುಕಾಗುತ್ತದೆ.

ಆರೆಂಟು ವಾರಕ್ಕೆ ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ತಪ್ಪಿಸಬೇಡಿ. ಮುಂದೆ ಎಂದಾದರೂ ಶಸ್ತ್ರಚಿಕಿತ್ಸೆ ಬೇಕಾದರೆ ‘ಇದು ಓಟದ ಜಾತಿಯ ನಾಯಿ’ ಎಂದು ಪಶುವೈದ್ಯರಿಗೆ ಮೊದಲೇ ಹೇಳಿ. ಈ ಬಗೆಯ ನಾಯಿಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಕೆಲವು ಅರಿವಳಿಕೆ ಔಷಧಗಳ ಅಮಲು ಅವಕ್ಕೆ ಬೇರೆ ನಾಯಿಗಳಿಗಿಂತ ತಡವಾಗಿ ಇಳಿಯುತ್ತದೆ, ಔಷಧವನ್ನೂ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಅವರು ಆರಿಸಿಕೊಳ್ಳುತ್ತಾರೆ.